ಮೇಷ್ಟ್ರ ಸ್ಕೂಟರಿನ ದಂಡ

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಇಂಜಿನ್ನಿರುವ ವಾಹನ ಕೊಂಡವರಲ್ಲಿಯೂ ನಾನೇ ಮೊದಲಿಗ. ಈ ಎರಡು ಗೌರವಗಳನ್ನೂ ಒಂದೇ ತಲೆಯ ಮೇಲೆ ಹೊತ್ತು ನಡೆಯುವುದು ಸುಲಭವಲ್ಲವೆಂಬುದು ಅರವತ್ತರ ದಶಕದ ಆರಂಭದಲ್ಲಿ ಒಂದು ಹಳೆಯ ಸ್ಕೂಟರಿನ ದೆಸೆಯಿಂದ ನನಗೆ ಮನದಟ್ಟಾಯಿತು.

ಹೊಸ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಕೆಸರೆಯ ನಮ್ಮ ಮನೆಯಿಂದ ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಗೆ ಸೈಕಲ್ ತುಳಿದು ಹೋಗುವಷ್ಟರಲ್ಲಿ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಕಾಲೇಜಿನಲ್ಲಿ ನನಗೆ ತರ್ಕಶಾಸ್ತ್ರ ಕಲಿಸಿದ ಮೇಷ್ಟ್ರು ತಮ್ಮ ಸ್ಕೂಟರನ್ನು ಮಾರುತ್ತಾರೆಂದು ತಿಳಿದಾಗ ಅದು ನನಗೆ ಪ್ರಸಾದದಂತೆಯೇ ಕಂಡಿತು. ಪ್ರೌಢಶಾಲೆಯ ಕೆಲಸಕ್ಕೆ ನನ್ನ ಪರವಾಗಿ ಶಿಫಾರಸು ಬರೆದವರೂ ಅವರೇ.

ಸ್ಕೂಟರು ತರಲು ತಂದೆಯವರೂ ನನ್ನೊಡನೆ ಮೇಷ್ಟ್ರ ಮನೆಗೆ ಬಂದರು. ಹೆಗಲ ಟವಲಿನಲ್ಲಿ ಹೊಸ ಹಗ್ಗವೊಂದನ್ನು ಸುತ್ತಿಕೊಂಡಿದ್ದರು. ದನ ಕೊಳ್ಳುವವನು ತನ್ನ ಹಗ್ಗವನ್ನು ತಾನೇ ಒಯ್ಯಬೇಕು, ಮಾರಿದವನ ಹಗ್ಗ ಅವನಲ್ಲೇ ಉಳಿಯಬೇಕು ಎಂಬುದು ನಮ್ಮವರ ಪದ್ಧತಿ.

“ಅಪ್ಪಾ, ಇದು ಸ್ಕೂಟರು. ಇದಕ್ಕೆ ಕಾಗದಪತ್ರವೇ ಹಗ್ಗ” ಎಂದು ನಾನು ಬಾಗಿಲಲ್ಲೇ ಪಿಸುಗುಟ್ಟಿದೆ.

“ಆಗ್ಲಿ ಬುಡು. ಹಳೇ ಹಗ್ಗ ತಂದ್ರೆ ಹಳೇ ರೋಗಾನೂ ತಂದಂಗೇ ಕಣ್ಲಾ” ಎಂದು ಅವರು ಹಗ್ಗವನ್ನು ಮರೆಮಾಡಿದರು.

ರೋಗವು ನೋಂದಣಿ ಕಚೇರಿಯಲ್ಲಿ ಹೊರಬಿತ್ತು. ಗಾಡಿಯನ್ನು ನನ್ನ ಹೆಸರಿಗೆ ಮಾಡಿಕೊಡಬೇಕೆಂದು ಸಲ್ಲಿಸಿದ ಅರ್ಜಿಯನ್ನು ಗುಮಾಸ್ತರು ಪಕ್ಕಕ್ಕೆ ಸರಿಸಿದರು.

“ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಪೊಲೀಸಿನೋರು ಹಾಕಿರೋ ದಂಡ ಇದೆ ಕಣ್ರೀ ಇದರ ಮೇಲೆ. ಮಾರ್ಕೆಟ್ ಮುಂದೆ, ಟಾಕೀಸ್ ಮುಂದೆ... ಒಂದೂ ಕಟ್ಟಿಲ್ಲ. ಕಟ್ಟಿ ರಸೀದಿ ತನ್ನಿ, ಆಮೇಲೆ ಹೆಸರು.”

“ಅವೆಲ್ಲ ಹಿಂದಿನ ಮಾಲೀಕರ ಕಾಲದವು.”

“ಹಂಗಾದ್ರೆ ಅವರನ್ನೇ ಕೇಳ್ರೀ.”

ಕೇಳುವುದು! ಯಾರ ಎದುರಿಗೆ ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದೆನೋ ಅವರನ್ನು ದಂಡ ಕಟ್ಟಿರೆಂದು ಕೇಳುವುದು! ನಾನೇ ಕಟ್ಟಿಬಿಡೋಣವೆಂದರೆ, ಸ್ಕೂಟರಿನ ಬೆಲೆ ತೆತ್ತ ಮೇಲೆ ಅಕ್ಕಿಗೂ ಅಂಗಡಿಯಲ್ಲಿ ಸಾಲ ಹೇಳಿಯಾಗಿತ್ತು. ಕೇಳಿದರೆ ಮೇಷ್ಟ್ರ ವಿಶ್ವಾಸ ಹೋಗುತ್ತದೆ, ಕೇಳದಿದ್ದರೆ ಸ್ಕೂಟರು ಹೋಗುತ್ತದೆ. ಇಂಥ ಉಭಯಸಂಕಟದ ಪ್ರಶ್ನೆಗೆ ಅವರ ಪರೀಕ್ಷೆಯಲ್ಲಿ ನನಗೆ ಪೂರ್ಣಾಂಕ ಬಂದಿತ್ತು.

ಸೈಕಲಿನ ಮೇಲೆ ದಾರಿಯುದ್ದಕ್ಕೂ, ಆರೋಪದ ವಾಸನೆಯೂ ಬರದಂತೆ, ಮಾತನ್ನು ತಿದ್ದಿ ತಿದ್ದಿ ನಯಗೊಳಿಸಿದೆ. ಅವರ ಪಡಸಾಲೆಯಲ್ಲಿ ಕಾಫಿಯ ಲೋಟ ಹಿಡಿದು ಅದನ್ನು ಒಪ್ಪಿಸಿದೆ:

“ಸಾರ್, ಸ್ಕೂಟರಿನ ವಿಷಯದಲ್ಲಿ ಒಂದು ಸಣ್ಣ ತೊಡಕು ಉಂಟಾಗಿದೆ. ಎಲ್ಲೆಲ್ಲೋ ನಿಲ್ಲಿಸಿದ್ದರ ಪರಿಣಾಮವಾಗಿ ಕೆಲವು ದಂಡಗಳು ಬಾಕಿ ಇವೆಯಂತೆ. ಏನು ಮಾಡುವುದು ಉಚಿತವೆಂದು ತಮ್ಮಲ್ಲಿ ಕೇಳಲು ಬಂದೆ.”

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. ಪೊಲೀಸರು ಗಾಡಿಗೆ ಸಿಕ್ಕಿಸಿದ ಚೀಟಿಯನ್ನು ಓದದೆ ಪುಸ್ತಕದ ಗುರುತಿಗೆ ಇಟ್ಟುಕೊಳ್ಳುವಷ್ಟು ಮರೆವಿನವರು ಅವರು.

“ಏನಯ್ಯ, ಗಾಡಿ ತಗೊಂಡು ತಿಂಗಳಾಗಿಲ್ಲ, ಆಗಲೇ ದಂಡ ಹಾಕಿಸ್ಕೊಂಡ್ಯಾ? ಎಲ್ಲಿ ನಿಲ್ಲಿಸಿದ್ದೆ?”

“ಮಾರ್ಕೆಟ್ ಮುಂದೆ ಸಾರ್... ಟಾಕೀಸ್ ಮುಂದೆ...”

“ಟಾಕೀಸ್! ಮಕ್ಕಳಿಗೆ ಪಾಠ ಹೇಳೋನು ಕಣಯ್ಯ ನೀನು!”

ಆಮೇಲೆ ಪೌರನ ಕರ್ತವ್ಯಗಳನ್ನು ಕುರಿತು ಅವರು ಮಾಡಿದ ಭಾಷಣ ತರಗತಿಯಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿತ್ತು. ನಾನು ಬಾಯಿ ತೆರೆದಾಗಲೆಲ್ಲ “ಸಮರ್ಥನೆ ಬೇಡ” ಎಂದರು. ಕೊನೆಗೆ ಒಳಗಿನಿಂದ ಹಣ ತಂದು ನನ್ನ ಜೇಬಿಗೆ ತುರುಕಿದರು.

“ನಿನ್ನ ಕಷ್ಟ ನನಗೆ ಗೊತ್ತಿಲ್ವೇನಯ್ಯ? ಹೋಗು, ಮೊದಲು ಕಟ್ಟು. ವಾಪಸು ಕೊಡೋದೇನೂ ಬೇಡ.”

ನಾನೇನು ಮಾಡಿದೆ? ಅವರದೇ ದಂಡಕ್ಕೆ ಅವರದೇ ಹಣವನ್ನು ದಾನವಾಗಿ ಸ್ವೀಕರಿಸಿ, ಪಾದ ಮುಟ್ಟಿ ನಮಸ್ಕರಿಸಿ, “ಇನ್ನು ಮುಂದೆ ಹೀಗಾಗುವುದಿಲ್ಲ ಸಾರ್” ಎಂದು ಮಾತು ಕೊಟ್ಟು ಬಂದೆ.

ಕಥೆ ಕೇಳಿದ ತಂದೆಯವರು ನಗು ತಡೆಯಲಾರದೆ ಜಗಲಿಯ ಕಂಬ ಹಿಡಿದುಕೊಂಡರು. “ದುಡ್ಡು ಅವರ್ದು, ಬೈಗುಳ ನಿಂದು. ವ್ಯಾಪಾರ ಸರಿಯಾಗೈತೆ ಬುಡ್ಲಾ!”

ಸ್ಕೂಟರು ನನ್ನ ಹೆಸರಿಗಾಯಿತು. ವಿಶ್ವಾಸವೂ ಉಳಿಯಿತು, ತುಸು ಕುಂದಿನೊಡನೆ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಲು ಹೋದಾಗಲಾಗಲಿ, ಮತ್ತೆಲ್ಲಿಯೇ ಆಗಲಿ, ಎದುರಾದೊಡನೆ ಕುಶಲ ಕೇಳುವ ಮೊದಲು ಮೇಷ್ಟ್ರು, “ಗಾಡಿ ಎಲ್ಲಿ ನಿಲ್ಲಿಸಿದ್ದೀಯ?” ಎನ್ನುತ್ತಿದ್ದರು. ನನ್ನ ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಅದನ್ನೇ ಕೇಳಿದರು. ನಾನು ಬಾಸಿಂಗ ಕಟ್ಟಿಕೊಂಡೇ ಹೊರಗೆ ಹೋಗಿ, ಛತ್ರದ ಬಾಗಿಲಿಗೆ ಅಡ್ಡವಾಗಿದ್ದ ಸ್ಕೂಟರನ್ನು ಪಕ್ಕಕ್ಕೆ ತಳ್ಳಿ ನಿಲ್ಲಿಸಿ ಬಂದೆ.