ಬರೀ ನೋಟ್‌ಪ್ಯಾಡಿನ ಮಾಷ್ಟ್ರು

ಅವರ ಕೀಬೋರ್ಡಿನಲ್ಲಿ ‘ಎಸ್’ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಬೈಂದೂರಿನಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ಹಾಗಾಗಿ ನಮ್ಮ ಕಂಪ್ಯೂಟರ್ ಸೆಂಟರಿನ ಮಾಷ್ಟ್ರು ಒಂದೊಂದು ಸಾಲಿಗೂ ಸೇವ್ ಮಾಡಲು ಕಂಟ್ರೋಲ್ ಕೀಲಿಯ ಜೊತೆ ಅದನ್ನು ಒತ್ತುತ್ತಿದ್ದರು. ಪ್ರೋಗ್ರಾಂ ಬರೆಯುವುದು, ಟಿಪ್ಪಣಿ ಇಡುವುದು ಎರಡೂ ಕಂಪ್ಯೂಟರಿನ ಜೊತೆಗೇ ಬರುವ ಬರೀ ನೋಟ್‌ಪ್ಯಾಡಿನಲ್ಲಿ. ಯಾರು ಒಳಗೆ ಬಂದರೂ ಕೇಳುತ್ತಿದ್ದುದು ಒಂದೇ: “ಇವತ್ತ್ ಎಂತ ಬರ್ದೆ?”

ಆ ನೋಟ್‌ಪ್ಯಾಡ್ ಕಂಡರೆ ನನಗೆ ಒಳಗೊಳಗೇ ಕನಿಕರ. ಎಂ.ಸಿ.ಎ. ಓದುತ್ತಿದ್ದ ಹುಡುಗಿ ನಾನು, ಕೋಡ್ ಬರೆಯಲು ನಾಲ್ಕು, ಟಿಪ್ಪಣಿ ಜೋಡಿಸಲು ಮೂರು ಸಾಫ್ಟ್‌ವೇರ್ ಹಾಕಿಕೊಂಡು ಎರಡು ತಿಂಗಳು ಹೋಲಿಸಿದ್ದೆ. ಬಣ್ಣ, ವೇಗ, ಹುಡುಕುವ ಸೌಲಭ್ಯ, ಎಲ್ಲಕ್ಕೂ ಅಂಕ ಕೊಟ್ಟಿದ್ದೆ. ಸೋಮವಾರ ಕಾಲೇಜಿನಲ್ಲಿ ಲೈಬ್ರರಿಗೆಂದು ನಾನೇ ಬರೆದ ಪ್ರೋಗ್ರಾಂ ಓಡಿಸಿ ತೋರಿಸದಿದ್ದರೆ ನನ್ನ ಒಂದು ವರ್ಷ ಹೋಗುತ್ತಿತ್ತು. ಅದಕ್ಕೆ ಮೊದಲಿನ ಶುಕ್ರವಾರ ಸಂಜೆ ನಾನು ಆ ಅಂಕಪಟ್ಟಿಯನ್ನು ಅವರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಕೊನೆಯವರೆಗೂ ಓದಿದರು. “ಭಾರಿ ಲಾಯ್ಕಿತ್ತ್ ಹೆಣೆ. ಗೆದ್ದದ್ದ್ ಯಾವ್ದ್?”

“ಇನ್ನೂ ತೀರ್ಮಾನ ಆಯ್ಲಿಲ್ಲ ಸಾರ್.”

“ಪ್ರೋಗ್ರಾಂ ಎಷ್ಟ್ ಸಾಲ್ ಆಯ್ತ್?”

“ಯಾವ್ದ್ ಗೆಲ್ತೋ ಅದ್ರಗೆ ಬರಿವ ಅಂದ್ಕಂಡೆ.”

ಅವರು ನಗಲಿಲ್ಲ. ನಕ್ಕಿದ್ದರೆ ಸಿಟ್ಟು ಮಾಡಿಕೊಂಡು ಮನೆಗೆ ಹೋಗಬಹುದಿತ್ತು. ಎದ್ದು ತಮ್ಮ ಕುರ್ಚಿಯನ್ನೇ ನನ್ನತ್ತ ತಳ್ಳಿ, ಖಾಲಿ ನೋಟ್‌ಪ್ಯಾಡ್ ತೆರೆದರು. “ಕೂಕೋ.” ಸೆಂಟರಿನ ಬಾಗಿಲು ಹಾಕುವ ಹೊತ್ತಿಗೆ ಹನ್ನೆರಡು ಸಾಲಾಗಿತ್ತು. ಅದರಲ್ಲಿ ಎರಡು ನನ್ನ ಹೆಸರು ಮತ್ತು ರಿಜಿಸ್ಟರ್ ನಂಬರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕುಳಿತೆ. ಪುಸ್ತಕ ಹಿಂದಿರುಗಿಸುವ ತಾರೀಕು ತೋರಿಸುವ ಭಾಗ ಹನ್ನೊಂದು ಗಂಟೆಗೆ ತಪ್ಪಿಲ್ಲದೆ ಓಡಿತು. ಅವರನ್ನು ಕರೆದು ತೋರಿಸಬೇಕೆನಿಸಿತು. ಕರೆಯದೆ ಮುಂದಿನ ಸಾಲು ಬರೆದೆ.