ಶಾರಿಯ ಖರೇ ತಾರೀಖು

ಮೇ ರಜೆ ಬಿತ್ತೆಂದರೆ ಭಾಂಡುಪ್‌ನ ನಮ್ಮ ಚಾಳು ಅರ್ಧ ಖಾಲಿಯಾಗುತ್ತಿದ್ದ ಕಾಲ ಅದು. ಎಲ್ಲರೂ ಮೂಟೆ ಕಟ್ಟಿ ಊರಿಗೆ ಹೊರಡುವವರೇ. ಆ ವರ್ಷ ಮಾತ್ರ ನಾವು ಹೋಗಲಿಲ್ಲ, ಅಪ್ಪ ಒಬ್ಬನೇ ಹೋದ. ವಿಜಯಪುರದ ಕಡೆಯ ಹಳ್ಳಿಯಲ್ಲಿದ್ದ ಅವನ ತಂಗಿ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಗಂಡ ಮೊದಲೇ ಹೋಗಿದ್ದ. ಅಪ್ಪ ತಿರುಗಿ ಬರುವಾಗ ಅವಳ ಮಗಳು ಶಾರಿಯನ್ನು ಕರೆತಂದ. ಅವಳ ಕೈಯಲ್ಲಿ ಒಂದು ಬಟ್ಟೆಯ ಗಂಟು, ಅದಕ್ಕೆಲ್ಲ ಶೇಂಗಾ ಹಿಂಡಿಯ ವಾಸನೆ.

ಇಬ್ಬರೂ ಒಂದೇ ಎತ್ತರ. ಯಾರು ಅಕ್ಕ ಆಗಬೇಕು ಅನ್ನುವುದಕ್ಕೆ ಮೊದಲ ದಿನವೇ ಜಗಳ ಹತ್ತಿತು. ನನ್ನ ಬಾಯಿ ಆಗಲೂ ಜೋರು.

"ನೀ ಹುಟ್ಟಿದ್ದು ಯಾವಾಗ?"

"ಗೊತ್ತಿಲ್ಲ. ಅವ್ವಗ ಗೊತ್ತಿತ್ತು," ಅಂದಳು ಶಾರಿ. ಅಷ್ಟಕ್ಕೇ ಜಗಳ ನಿಂತಿತು.

ಅಪ್ಪ ಬೈಕುಲ್ಲಾದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಸೇಠ್‌ಗಳ ಹಳೇ ಕಾರುಗಳನ್ನು ಅಲ್ಲಿ ಮೊದಲಿದ್ದ ಹಾಗೆ ಮಾಡಿ ಕೊಡುತ್ತಿದ್ದರು. ಯಾವ ಭಾಗ ಕಾರಿನ ಜೊತೆಗೇ ಬಂದದ್ದು, ಯಾವುದು ಆಮೇಲೆ ಹಾಕಿದ್ದು ಎಂದು ನೋಡಿ ಹೇಳುವುದು ಅಪ್ಪನ ಪಾಲಿನ ಕೆಲಸ. ಮನೆಯಲ್ಲಿ ಶಾರಿ ಮೂಲೆ ಹಿಡಿದು ಕೂತಿರುವುದನ್ನು ನೋಡಲಾರದೆ ಅವ್ವ ನಮ್ಮಿಬ್ಬರನ್ನೂ ಅಪ್ಪನ ಬೆನ್ನಿಗೆ ಹಚ್ಚಿದಳು. ಆ ರಜೆಯಲ್ಲಿ ಲೋಕಲ್ ಹತ್ತಿ ದಿನಾ ಗ್ಯಾರೇಜಿಗೆ ಹೋಗುತ್ತಿದ್ದೆವು. ಒಳಗೆ ಸೀಮೆಎಣ್ಣೆ, ಗ್ರೀಸು, ಹಳೇ ಚರ್ಮದ ಸೀಟಿನ ವಾಸನೆ. ಗಾಳಿ ಬೀಸಿದರೆ ಮಾರ್ಕೆಟ್ಟಿನ ಕೊತ್ತಂಬರಿಯ ವಾಸನೆಯೂ ಬರುತ್ತಿತ್ತು.

ಅಪ್ಪ ಎಂಜಿನ್ನಿನ ಮಗ್ಗುಲನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕುತ್ತಿದ್ದ. ಕಬ್ಬಿಣದಲ್ಲಿ ಉಬ್ಬಿದ್ದ ಅಕ್ಷರ ಬೆಳ್ಳಗೆ ಏಳುತ್ತಿತ್ತು.

"ಇದು ಬಿ. ಎರಕಾ ಹೊಯ್ದ ತಿಂಗಳಾ ಹೇಳ್ತೈತಿ. ಎ ಅಂದ್ರ ಜನವರಿ, ಬಿ ಅಂದ್ರ ಫೆಬ್ರುವರಿ. ಮುಂದಿಂದು ವರ್ಷದ ಅಂಕಿ. ಒಂದೊಂದ ಕಂಪನಿದು ಒಂದೊಂದ ರೀತಿ ಇರ್ತೈತಿ, ನೆನಪಿಡಬೇಕು," ಅನ್ನುತ್ತಿದ್ದ.

ಕಿಟಕಿಯ ಗಾಜಿನ ಮೂಲೆಯಲ್ಲಿ ಅಕ್ಷರದ ಬದಲು ಸಣ್ಣ ಸಣ್ಣ ಚುಕ್ಕಿ; ಎಣಿಸಿದರೆ ಗಾಜು ತಯಾರಾದ ತಿಂಗಳು ಸಿಗುತ್ತಿತ್ತು. ಅಕ್ಷರ ಬರದ ಶಾರಿ ಗಾಜುಗಳನ್ನು ತನ್ನ ಪಾಲಿಗೆ ಇಟ್ಟುಕೊಂಡಳು, ನಾನು ಕಬ್ಬಿಣ ಹಿಡಿದೆ. ಯಾರಿಗೆ ಮೊದಲು ಸಿಗುತ್ತದೋ ಅವರು ಕೂಗಬೇಕು. ಕಾರಿನ ಕೆಳಗೆ ನುಸುಳಿ ಮುಖಕ್ಕೆಲ್ಲ ಮಸಿ ಮಾಡಿಕೊಂಡು ಮನೆಗೆ ಹೋದರೆ ಅವ್ವನ ಬೈಗಳ ಸುರಿಮಳೆ. ಶಾರಿ ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆ ಗ್ಯಾರೇಜಿನಲ್ಲಿ.

ಜೂನ್ ಹತ್ತಿರ ಬಂತು. ಹಳ್ಳಿಯಲ್ಲಿ ಅವಳ ಹೆಸರು ಯಾವ ಶಾಲೆಗೂ ಹಚ್ಚಿರಲಿಲ್ಲ. ಅಪ್ಪ ಅವಳನ್ನು ನಮ್ಮ ಕನ್ನಡ ಶಾಲೆಗೆ ಕರೆದೊಯ್ದ, ನಾನೂ ಬಾಲದ ಹಾಗೆ ಹೋದೆ. ಹೆಡ್ ಮಾಸ್ತರು ಹುಟ್ಟಿದ ತಾರೀಖು ಕೇಳಿದರು. ಗೊತ್ತಿಲ್ಲವೆಂದ ಅಪ್ಪ.

"ಜೂನ್ ಒಂದು ಹಾಕೋಣ ಬಿಡ್ರಿ," ಅಂದರು ಮಾಸ್ತರು. "ಅರ್ಧಾ ಸಾಲಿ ಹುಡುಗರದು ಅದ. ಖರೇ ಹೇಳಬೇಕಂದ್ರ ನಂದೂ ಅದ."

"ಬ್ಯಾಡ," ಅಂದಳು ಶಾರಿ. "ಕಬ್ಬಿಣಕ್ಕೂ ಖರೇ ತಾರೀಖು ಐತಿ. ನನಗೂ ಖರೇದ ಬೇಕು ಮಾಮಾ." ಹಾಗೆಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ತನ್ನ ಅವ್ವ ಸತ್ತಾಗ ಕೂಡ ಆ ಹುಡುಗಿ ಹೀಗೆ ಅತ್ತಿರಲಿಲ್ಲವೆಂದು ಆಮೇಲೆ ಅಪ್ಪ ಹೇಳಿದ. ಮಾಸ್ತರು ಒಳ್ಳೆಯವರು, ಎರಡು ದಿನ ತಡೆಯುತ್ತೇನೆ ಎಂದರು.

ಅಂದು ಸಂಜೆ ಅಪ್ಪ ಅವಳನ್ನು ಎದುರಿಗೆ ಕೂಡಿಸಿಕೊಂಡ. "ಕಾಗದ ಇಲ್ಲದ ಗಾಡಿ ಬಂದ್ರ ನಾವೇನ್ ಮಾಡ್ತೀವಿ? ಯಾವುದಕ್ಕಿಂತ ಮೊದಲ ಹುಟ್ಟಿರಾಕ ಸಾಧ್ಯ ಇಲ್ಲ, ಯಾವುದಕ್ಕಿಂತ ಆಮ್ಯಾಲೆ ಸಾಧ್ಯ ಇಲ್ಲ, ಅಷ್ಟು ಹಿಡೀತೀವಿ. ನಿಂದೂ ಹಂಗ ಹಿಡಿಯೋಣು."

ಎಸ್‌ಟಿಡಿ ಬೂತಿನಿಂದ ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿ ತನ್ನ ತಾಯಿ, ನಮ್ಮಜ್ಜಿಯನ್ನು ಕರೆಸಿದ. ನಾವಿಬ್ಬರೂ ರಿಸೀವರಿಗೆ ಕಿವಿ ಹಚ್ಚಿ ನಿಂತೆವು.

"ಶಾರಿ ಹುಟ್ಟಿದ ವರ್ಷ ಎಳ್ಳಮಾಸಿಗೆ ತಂಗಿ ಹೊಲಕ್ಕ ಬಂದಿದ್ಳೇನಬೇ?" ಅಂತ ಅಪ್ಪ ಕೇಳಿದ.

"ಬಂದಿದ್ಳಲ್ಲೋ. ಅಷ್ಟ್ ದೊಡ್ಡ ಹೊಟ್ಟಿ ಹೊತ್ಕೊಂಡು ಹೊಲದ ತುಂಬ ಚರಗದ ಎಡಿ ಚೆಲ್ಲಿದ್ಳು."

"ಸಂಕ್ರಾಂತಿಗೆ?"

"ಎಳ್ಳು ಬೀರಾಕ ಹೊರಗ ಬರಲಿಲ್ಲ. ಹಡದಿದ್ಳೋ, ದಿನಾ ತುಂಬಿದ್ವು ಅಂತ ಕುಂತಿದ್ಳೋ, ನೆನಪಿಲ್ಲಪಾ."

"ಶಿವರಾತ್ರಿಗೆ?"

"ಕೂಸು ತೊಟ್ಟಿಲದಾಗ ಇತ್ತು. ನಿನ್ನ ಮಗಳು ಗ್ವಾಡಿ ಹಿಡ್ಕೊಂಡು ನಡೀತಿದ್ಳು, ತೊಟ್ಟಿಲಾ ತೂಗತೀನಂತ ಹಟಾ ಮಾಡ್ತಿದ್ಳು." ಅಲ್ಲಿಗೆ ಅಜ್ಜಿಗೆ ಅಳು ಬಂತು.

ನಾನೇ ಅಕ್ಕ ಎಂದು ತೀರ್ಮಾನವಾಯಿತು. ನನಗೆ ಆಗಬೇಕಾದಷ್ಟು ಖುಷಿ ಆಗಲಿಲ್ಲ.

"ಅದರಾಗ ಯಾವ ದಿನ?" ಎಂದು ಶಾರಿ ದಾರಿಯುದ್ದಕ್ಕೂ ಕೇಳಿದಳು.

"ಅದು ಸಿಗಲಿಲ್ಲವ್ವಾ. ಗೊತ್ತಿಲ್ಲದ್ದನ್ನ ಗೊತ್ತೈತಿ ಅನಬಾರದು. ಗಾಜಿನ ಮ್ಯಾಲೂ ತಿಂಗಳ ಇರ್ತೈತಿ, ದಿನ ಇರೂದಿಲ್ಲ."

ಮಾಸ್ತರಿಗೆ ಮಾತ್ರ ಒಂದು ದಿನ ಬೇಕೇ ಬೇಕಾಗಿತ್ತು. ಆ ಎರಡು ಹಬ್ಬಗಳ ನಡುವೆ ಯಾವುದೋ ಒಂದು ತಾರೀಖು ಹಾಕಿಬಿಡಿ ಎಂದರು. ಅಪ್ಪ ತಲೆ ಅಲ್ಲಾಡಿಸಿದ.

"ಬ್ಯಾಡ್ರಿ ಸರ್. ಅಂಥಾದ್ದು ಹಾಕಿದ್ರ ಮುಂದ ಎಲ್ಲಾರೂ ಅದನ್ನ ಖರೇ ಅಂತ ನಂಬತಾರ. ಜೂನ್ ಒಂದ ಹಾಕ್ರಿ. ಅದು ಸುಳ್ಳು ಅಂತ ನೋಡಿದವರಿಗೆ ಗೊತ್ತಾಗ್ತೈತಿ." ಗೊತ್ತಿಲ್ಲದ ಭಾಗಕ್ಕೆ ಎಂದೂ ತಾರೀಖು ಹೇಳದ ನಮ್ಮಪ್ಪ ಆ ದಿನ ಸುಳ್ಳು ತಾರೀಖಿನ ಕೆಳಗೆ ಸಹಿ ಮಾಡಿದ.

ಮನೆಯಲ್ಲಿ ಮಾತ್ರ ಬೇರೆಯೇ ಕಾನೂನು ಮಾಡಿದ. ದಿನ ಗೊತ್ತಿಲ್ಲದ ಮೇಲೆ ಎಲ್ಲಾ ದಿನವೂ ಶಾರಿಯದೇ. ಎಳ್ಳಮಾಸಿಯ ಮರುದಿನದಿಂದ ಶಿವರಾತ್ರಿಯ ತನಕ ಡಬ್ಬಿಯಲ್ಲಿ ಬೆಲ್ಲದ ಮಾದ್ಲಿ ಖಾಲಿಯಾಗಬಾರದು ಎಂದು ಅವ್ವನಿಗೆ ಹೇಳಿದ. ಅವ್ವ ಗೊಣಗುತ್ತಲೇ ಗೋದಿ ಹುರಿದಳು, ಏಲಕ್ಕಿ ಕುಟ್ಟಿದಳು, ಕೊಬ್ಬರಿ ತುರಿದಳು. ಮುಂಜಾನೆ ಎದ್ದ ಕೂಡಲೇ ಶಾರಿ, "ಇವತ್ತ ಇರಬಹುದೇನ್ ಮಾಮಾ?" ಅಂತ ಕೇಳುವಳು. "ಇರಬಹುದವ್ವಾ," ಎಂದು ಅಪ್ಪ ಅವಳ ಬಾಯಿಗೆ ಒಂದು ಹಿಡಿ ಮಾದ್ಲಿ ಹಾಕುವನು. ನನಗೆ ಎಷ್ಟು ಹೊಟ್ಟೆ ಉರಿಯುತ್ತಿತ್ತೆಂದರೆ, ನನ್ನ ಆಸ್ಪತ್ರೆಯ ಕಾಗದ ಕಳೆದುಹೋಗಲಿ ಎಂದು ದೇವರಿಗೆ ಕೈ ಮುಗಿದದ್ದೂ ಉಂಟು.

ಈಗ ಅಪ್ಪ, ಅವ್ವ, ಅಜ್ಜಿ ಯಾರೂ ಇಲ್ಲ. ಶಾರಿ ಗೋರೆಗಾಂವ್‌ನಲ್ಲಿ ಗಂಡ, ಮಗಳ ಜೊತೆ ಚೆನ್ನಾಗಿದ್ದಾಳೆ. ಎಳ್ಳಮಾಸಿಯ ಮರುದಿನ ನಾನು ಫೋನು ಮಾಡುವುದನ್ನು ತಪ್ಪಿಸಿಲ್ಲ. ಈ ಸಲ ಎತ್ತಿದ್ದು ಅವಳ ಮಗಳು. ಇವತ್ತಿನಿಂದ ಶಿವರಾತ್ರಿಯ ತನಕ ನಿನ್ನವ್ವನ ಹುಟ್ಟಿದ ದಿನ ಅಂದೆ.

"ಮೌಶಿ, ಮಮ್ಮಿದು ಬರ್ತ್‌ಡೇ ಜೂನ್‌ದಾಗ ಅಲ್ಲ? ಫಸ್ಟ್ ಜೂನ್ ಕೋ ಕೇಕ್ ಕಾಟ್‌ತೇ ಹೈ ನಾ ಹಮ್."

ಶಾರಿ ಫೋನು ಇಸಿದುಕೊಂಡಳು. "ಹೋಗ್ಲಿ ಬಿಡು ಅಕ್ಕಾ," ಅಂದಳು ಮೆತ್ತಗೆ. "ಆಧಾರ್, ಪಾಸ್‌ಪೋರ್ಟ್ ಎಲ್ಲಾದ್ರಾಗೂ ಅದ ಐತಿ. ಹುಡುಗಿಗೆ ಎರಡೆರಡು ಹೇಳಿ ಯಾಕ ತಲಿ ಕೆಡಸೂದು?"

ಜಗಳ ಮಾಡಬೇಕೆಂದು ಬಾಯಿ ತೆರೆದವಳು ಹೂಂ ಅಂದೆ. ಅವಳು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಸಂಕಟ ತಡೆಯಲಾಗಲಿಲ್ಲ, ಫೋನಿಟ್ಟು ಅತ್ತುಬಿಟ್ಟೆ. ನೋಡಿದವರಿಗೆ ಸುಳ್ಳೆಂದು ಗೊತ್ತಾಗಲಿ ಎಂದೇ ಅಪ್ಪ ಆ ತಾರೀಖು ಬರೆಸಿದ್ದ. ಅದು ಸುಳ್ಳೆಂದು ಹೇಳುವವಳು ಇನ್ನು ನಾನೊಬ್ಬಳೇ. ನಾನೂ ಹೋದ ಮೇಲೆ ಶಾರಿ ಜೂನ್ ಒಂದಕ್ಕೇ ಹುಟ್ಟಿದವಳಾಗುತ್ತಾಳೆ.