ಒಂದೇ ಸಲ ಕೇಳುವ ಆಟ

ಮೂಕಾಂಬಿಕಕ್ಕ ನನ್ನ ಅಂಗಡಿಯಲ್ಲಿ ಟೈಪು ಮಾಡಲು ಕೂತು ಹದಿನಾಲ್ಕು ವರ್ಷವಾಯಿತು. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿ ನನ್ನದು. ಅರ್ಜಿ, ಅಫಿಡವಿಟ್ಟು, ಪಹಣಿ ತಿದ್ದುಪಡಿ, ಹುಡುಗಿಯರ ಬಯೋಡೇಟಾ, ಏನು ಬೇಕಾದರೂ ಮಾಡಿಕೊಡುತ್ತೇವೆ. ಅಕ್ಕನಿಗೆ ಈಗ ನಲವತ್ತೇಳು. ಮದುವೆಯಾಗಿಲ್ಲ. ಮೇಗುಂದದಲ್ಲಿ ತಂಗಿ ದೇವಕಿಯ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದುಹೋಗುತ್ತಾಳೆ. ಬಲಗೈ ಮಣಿಕಟ್ಟು ನೋಯುತ್ತದೆಂದು ಯಾವಾಗಲೂ ಒಂದು ಬ್ಯಾಂಡೇಜು ಸುತ್ತಿಕೊಂಡಿರುತ್ತಾಳೆ. ಊರಿನ ಅರ್ಧ ಜನರ ಸಂಕಟ ಆ ಕೈಯಲ್ಲಿ 'ಮಾನ್ಯರೇ' ಎಂದು ಶುರುವಾಗಿ 'ತಮ್ಮ ವಿಶ್ವಾಸಿ' ಎಂದು ಮುಗಿದಿದೆ. ಇಷ್ಟೆಲ್ಲ ಬರೆದವಳು ತನಗಾಗಿ ಒಂದು ಅರ್ಜಿ ಬರೆದುಕೊಂಡದ್ದನ್ನು ನಾನು ಕಂಡಿಲ್ಲ.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಈ ಸಂಗತಿಯಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎನ್ನುವುದೇ ನನಗೆ ಇವತ್ತಿಗೂ ತಿಳಿದಿಲ್ಲ.

ಅವಳಿಗೆ ಆಟದ ಹುಚ್ಚು ಹಿಡಿಸಿದವನು ನನ್ನ ಅಣ್ಣ ಸೋಮನಾಥ್. ಶೃಂಗೇರಿಯಲ್ಲಿ ಕಾಲೇಜು ಮೇಷ್ಟ್ರು; ತಲೆ ನರೆತರೂ ಕಂಪ್ಯೂಟರ್ ಆಟ ಬಿಟ್ಟಿಲ್ಲ. ಒಂದು ಭಾನುವಾರ ನಮ್ಮ ಅಂಗಡಿಯ ಒಳ್ಳೇ ಕಂಪ್ಯೂಟರಿಗೆ ಒಂದು ಆಟ ಹಾಕಿಟ್ಟು ಹೋದ. ಹೆಸರು 'ಫಾರ್ ಲ್ಯಾಂಟರ್ನ್'. ಭೂಮಿ ಬಿಟ್ಟು ಇನ್ನೂರು ವರ್ಷವಾದ ಒಂದು ಹಡಗು ಆಕಾಶದಲ್ಲಿ ಹೋಗುತ್ತಲೇ ಇದೆ. ಜನ ಅದರೊಳಗೇ ಹುಟ್ಟಿ ಅದರೊಳಗೇ ಸಾಯುತ್ತಾರೆ. ಆಟದಲ್ಲಿ ನಾವು ಆ ಹಡಗಿನ ರಿಪೇರಿ ಕೆಲಸದವರು. ಗುಂಡು ಹಾರಿಸುವುದು ಅಪರೂಪ, ಮಾತೇ ಜಾಸ್ತಿ. ಯಾರಾದರೂ ಏನಾದರೂ ಕೇಳುತ್ತಾರೆ, ಪರದೆಯ ಕೆಳಗೆ ಮೂರು ಉತ್ತರ ಬರುತ್ತವೆ, ಒಂದನ್ನು ಒತ್ತಬೇಕು. ಒತ್ತಿದ ಹಾಗೆ ಕತೆ ಸಾಗುತ್ತದೆ.

ಅರ್ಜಿ ಹಾಕುವ ವೆಬ್‌ಸೈಟು ದಿನಕ್ಕೆರಡು ಸಲವಾದರೂ ಕೈಕೊಡುತ್ತದೆ. 'ಸರ್ವರ್ ಇಲ್ಲ' ಎಂದರೆ ಬಂದವರು ಬೆಂಚಿನ ಮೇಲೆ ಆಕಳಿಸುತ್ತಾ ಕೂರುತ್ತಾರೆ, ಅಕ್ಕ ಹಡಗು ಹತ್ತುತ್ತಾಳೆ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನಿಧಾನಕ್ಕೆ ಓದುತ್ತಾ, ತಿಳಿಯದ ಪದವನ್ನು ಫೋನಿನಲ್ಲಿ ನೋಡುತ್ತಾ ಮೂರು ತಿಂಗಳಲ್ಲಿ ಅರ್ಧ ಆಟ ದಾಟಿದಳು.

ಆಟಕ್ಕಿಂತ ಹೆಚ್ಚು ರುಚಿ ಹತ್ತಿದ್ದು ಆಡಿದವರು ಬರೆದ ಅಭಿಪ್ರಾಯಗಳದ್ದು. ಆಟದ ಪುಟದ ಕೆಳಗೆ ಅವು ಸಾವಿರಗಟ್ಟಲೆ ಇದ್ದವು. ಒಬ್ಬ 'ಇದು ಆಟವೋ ಪುಸ್ತಕವೋ, ಓದಿ ಓದಿ ಕಣ್ಣು ಹೋಯಿತು' ಎಂದಿದ್ದ. ಇನ್ನೊಬ್ಬ ಎಪ್ಪತ್ತು ಗಂಟೆ ಆಡಿ, ಕೊನೆಯಲ್ಲಿ ಅತ್ತು, ಮುಕ್ತಾಯ ಸರಿಯಿಲ್ಲವೆಂದು ಬೈದಿದ್ದ. ಕೆಲಸ ಕಳೆದುಕೊಂಡ ವರ್ಷ ಈ ಹಡಗೇ ತನಗೆ ಮನೆಯಾಗಿತ್ತು ಎಂದು ಒಬ್ಬಳು ಬರೆದಿದ್ದಳು. ಅಕ್ಕ ಎಲ್ಲವನ್ನೂ ಓದುತ್ತಿದ್ದಳು. "ಇವರ್ಯಾರೂ 'ಮಾನ್ಯರೇ' ಅಂತ ಶುರು ಮಾಡಲ್ಲ ನೋಡು," ಎಂದು ಒಮ್ಮೆ ಹೇಳಿದಳು. ಅದರಲ್ಲಿ ಎಂತಹ ದೊಡ್ಡ ವಿಷಯವಿದೆಯೆಂದು ನನಗೆ ಆಗ ಅರ್ಥವಾಗಲಿಲ್ಲ.

ಆಟದಲ್ಲಿ ಇಲ್ಡಾ ಎಂಬ ಮುದುಕಿ ಎಂಜಿನಿಯರು ಇದ್ದಳು. ಅಕ್ಕನಿಗೆ ಅವಳೆಂದರೆ ಜೀವ. ಒಂದು ಮಧ್ಯಾಹ್ನ ಹಡಗು ಹಸಿರು ಬಣ್ಣದ ಒಂದು ಗ್ರಹದ ಪಕ್ಕ ಹಾದುಹೋಗುವಾಗ ಇಲ್ಡಾ ಸಣ್ಣದೊಂದು ನೌಕೆ ಸಿದ್ಧಮಾಡಿಕೊಂಡು ಬಂದಳು. 'ಇದರಲ್ಲಿ ಇನ್ನೊಬ್ಬರಿಗೆ ಜಾಗವಿದೆ. ನನ್ನ ಜೊತೆ ಬರುತ್ತೀಯಾ?' ಎಂದು ಕೇಳಿದಳು. ಅಕ್ಕ 'ಬೇಡ, ನೀವು ಹೋಗಿ' ಎನ್ನುವ ಉತ್ತರ ಒತ್ತಿದಳು. ಇಲ್ಡಾ ತಲೆಯಾಡಿಸಿದಳು. ಬಾಗಿಲು ಮುಚ್ಚಿತು, ನೌಕೆ ಹೋಯಿತು. ಆಟ ಮುಗಿಯುವವರೆಗೂ ಅವಳು ಮತ್ತೆ ಬರುವುದಿಲ್ಲ.

ಅಕ್ಕ ಕೀಬೋರ್ಡಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ಕೇಳ್ತಾಳೆ ಅಂದ್ಕಂಡೆ ಮಾರಾಯ್ತಿ. ಹಂಗೇ ಹೋಗೇಬಿಟ್ಳಲ್ಲೇ!"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಮನೆಯಲ್ಲಿ ಕಾಫಿ ಕುಡೀರಿ ಎಂದರೆ 'ಎಂತದೂ ಬೇಡ' ಎನ್ನಬೇಕು. ಎರಡನೇ ಸಲ ಕೇಳಿದರೆ 'ಈಗಷ್ಟೇ ಕುಡಿದು ಬಂದೆ'. ಮೂರನೇ ಸಲಕ್ಕೆ 'ಹಂಗಾದ್ರೆ ಅರ್ಧ ಲೋಟ' ಎಂದು ತುಂಬಿದ ಲೋಟ ಕುಡಿಯುವುದು. ಮೊದಲ ಸಲಕ್ಕೇ ಹೂಂ ಎಂದವರನ್ನು ಕಂಡರೆ ನಮಗೆ ಒಂಥರಾ. ಒಂದೇ ಸಲ ಕೇಳಿ ಸುಮ್ಮನಾದ ಮನೆಯವರ ಬಗ್ಗೆ ದಾರಿಯುದ್ದಕ್ಕೂ ಆಡಿಕೊಳ್ಳುತ್ತೇವೆ.

ಅವತ್ತೇ ಅವಳು ಆ ಪುಟದಲ್ಲಿ ತನ್ನ ಅಭಿಪ್ರಾಯ ಬರೆದಳು, ಕನ್ನಡದಲ್ಲೇ, ಸರಾಗವಾಗಿ. 'ಕತೆ ಬಹಳ ಚೆನ್ನಾಗಿದೆ. ಆದರೆ ಇಲ್ಡಮ್ಮ ಒಂದೇ ಸಲ ಕರೆದು ಹೋದದ್ದು ನನಗೆ ಸರಿಕಾಣಲಿಲ್ಲ. ಮನಸ್ಸಿನಲ್ಲಿ ಇದ್ದವರನ್ನು ಯಾರೂ ಒಂದೇ ಸಲ ಕರೆಯುವುದಿಲ್ಲ. ನನಗೆ ಹೋಗುವ ಆಸೆ ಇತ್ತು. ಬೇಡ ಎಂದದ್ದು ಮರ್ಯಾದೆಗೆ. ಇದನ್ನು ಬರೆದವರ ಊರಿನಲ್ಲಿ ಜನ ಹೇಗೆ ಊಟಕ್ಕೆ ಏಳುತ್ತಾರೋ ತಿಳಿಯದು.' ಹೀಗೇ ಎರಡು ಪುಟ. ಓದಿ ನಾನು ಬಿದ್ದುಬಿದ್ದು ನಕ್ಕೆ.

ಹತ್ತು ದಿನ ಬಿಟ್ಟು ಅವಳಿಗೆ ಒಂದು ಮೇಲ್ ಬಂತು. ಆಟ ಮಾಡಿದ ಕಂಪನಿಯ ಕತೆ ವಿಭಾಗದಿಂದ. ನೀವು ಬರೆದದ್ದನ್ನು ಭಾಷಾಂತರ ಮಾಡಿಸಿಕೊಂಡು ಓದಿದೆವು, ಇಡೀ ಆಫೀಸು ನಕ್ಕಿತು, ಆಮೇಲೆ ಮತ್ತೊಮ್ಮೆ ಓದಿತು ಎಂದು ಬರೆದಿದ್ದರು. ಆಟವನ್ನು ಕನ್ನಡಕ್ಕೂ ತರುವ ಯೋಚನೆ ಇದೆ, ಮಾತುಗಳನ್ನೆಲ್ಲ ನೀವು ಕನ್ನಡಕ್ಕೆ ಮಾಡಿಕೊಡುತ್ತೀರಾ, ಮನೆಯಲ್ಲೇ ಕೂತು ಮಾಡಬಹುದು, ಒಂದೂವರೆ ವರ್ಷದ ಕೆಲಸ ಎಂದಿತ್ತು.

ಅಕ್ಕ ಅದನ್ನು ಪ್ರಿಂಟ್ ತೆಗೆದು ಬ್ಯಾಗಿನಲ್ಲಿಟ್ಟುಕೊಂಡಳು. ಮಾರನೇ ದಿನ ಬಂದವಳ ಕೈಯಲ್ಲಿ ಒಂದು ನೋಟ್‌ಬುಕ್ಕು. ಇಲ್ಡಾಳ ಮೊದಲ ಮಾತುಗಳನ್ನು ಬಸ್ಸಿನಲ್ಲೇ ಕನ್ನಡ ಮಾಡಿದ್ದಳು. ಎಷ್ಟು ಸೊಗಸಾಗಿತ್ತೆಂದರೆ, ನಮ್ಮ ಪಕ್ಕದ ಮನೆಯ ಸೀತಕ್ಕನೇ ಮಾತಾಡುತ್ತಿದ್ದಾಳೆ ಅನ್ನಿಸಿತು. "ಹನ್ನೆರಡು ವರ್ಷದಲ್ಲಿ 'ಮಾನ್ಯರೇ' ಇಲ್ದೆ ಒಂದು ಪುಟ ಬರೆದಿಲ್ಲ ನಾನು. ಇನ್ನೊಬ್ರ ಖಾತೆ ಸರ್ವೆ ನಂಬರು ಹೊಡೆದೇ ಸಾಯ್ತೀನಿ ಅಂದ್ಕಂಡಿದ್ದೆ," ಎಂದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ಉತ್ತರ ಬರೆದಳು. 'ನನ್ನನ್ನು ನೆನೆದದ್ದಕ್ಕೆ ಧನ್ಯವಾದ. ಇಷ್ಟು ದೊಡ್ಡ ಕೆಲಸಕ್ಕೆ ನಾನು ತಕ್ಕವಳಲ್ಲ. ದಯವಿಟ್ಟು ಯಾರಾದರೂ ತಿಳಿದವರನ್ನು ನೋಡಿಕೊಳ್ಳಿ.'

ಇಲ್ಲಿ ನಾನು ಒಂದು ಮಾತು ಮುಚ್ಚಿಡದೆ ಹೇಳಬೇಕು. ಆ ಉತ್ತರವನ್ನು ಇಂಗ್ಲಿಷಿಗೆ ಹಾಕಿಕೊಟ್ಟವಳು ನಾನೇ. "ಸರಿ ಉಂಟಾ ನೋಡು," ಎಂದು ಅವಳು ಕೇಳಿದಾಗ, "ಚೆನ್ನಾಗುಂಟು ಅಕ್ಕ, ವಿನಯವಾಗುಂಟು, ಕಳ್ಸು," ಎಂದವಳೂ ನಾನೇ. ಎಲ್ಲರಿಗೂ ಬುದ್ಧಿ ಹೇಳುವ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಅವರು ಮತ್ತೆ ಕೇಳುತ್ತಾರೆ, ಆಗ 'ನೀವು ಇಷ್ಟು ಹೇಳುವಾಗ' ಎಂದು ಒಪ್ಪಿಕೊಂಡರಾಯಿತು ಎಂದು ಇಬ್ಬರೂ ಲೆಕ್ಕ ಹಾಕಿದ್ದೆವು.

ಎರಡನೇ ದಿನ ಮಾರುತ್ತರ ಬಂತು. 'ನೇರವಾಗಿ ತಿಳಿಸಿದ್ದಕ್ಕೆ ವಂದನೆ. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ. ನಿಮಗೆ ಒಳ್ಳೆಯದಾಗಲಿ.'

ಅಷ್ಟೇ. ಅವಳು ಅದನ್ನು ನಾಲ್ಕು ಸಲ ಓದಿದಳು. ಇಲ್ಡಾಳ ಬಗ್ಗೆ ಎರಡು ಪುಟ ಬೈದು ಬರೆದವಳು ಆಟದಲ್ಲಿ ತಾನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಳಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಅದರಲ್ಲಿ ನನ್ನ ಪಾಲೂ ಇತ್ತು.

"ಈಗ್ಲೇ ಇನ್ನೊಂದು ಬರಿ ಅಕ್ಕ. ಮಾಡ್ತೀನಿ ಅಂತ ಬರಿ," ಎಂದೆ.

"ಕರೀದೆ ನಾನೇ ಹೋಗಿ ಎಲೆ ಮುಂದೆ ಕೂರ್ಲಾ?"

"ಕರೆದಿದ್ರಲ್ಲ ಮಾರಾಯ್ತಿ!"

"ಬೇಡ ಅಂದ್ಮೇಲೆ ಅದು ಮುಗೀತು," ಎಂದು ಪಹಣಿಯೊಂದನ್ನು ಮುಂದಕ್ಕೆಳೆದುಕೊಂಡಳು.

ಆದರೂ ಕಾದಳು. ಬೆಳಗ್ಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಮೇಲ್ ತೆರೆಯುತ್ತಿದ್ದಳು, ಊಟದ ಹೊತ್ತಿಗೊಮ್ಮೆ, ಸಂಜೆ ಬಸ್ಸಿಗೆ ಹೋಗುವ ಮೊದಲೊಮ್ಮೆ. ನೋಟ್‌ಬುಕ್ಕಿನಲ್ಲಿ ಮಾತ್ರ ಇಲ್ಡಾ ಮುಂದುವರಿಯುತ್ತಿದ್ದಳು. ಅರವತ್ತು ಪುಟ ಆಗಿತ್ತು. ಎರಡೂವರೆ ತಿಂಗಳು ನಾನು ದಿನಾ ಕಾಡಿದೆ. ಅಣ್ಣನೂ ಶೃಂಗೇರಿಯಿಂದ ಫೋನು ಮಾಡಿ ಬೈದ. ಕೊನೆಗೆ ನರಸಿಂಹರಾಜಪುರದ ಯಾರದೋ ಜಮೀನಿನ ತಕರಾರು ಅರ್ಜಿ ಟೈಪು ಮಾಡುತ್ತಿದ್ದವಳು ಅದನ್ನು ಅರ್ಧಕ್ಕೇ ನಿಲ್ಲಿಸಿ ಬರೆದಳು: 'ತಮಗೆ ಇನ್ನೂ ಅಗತ್ಯವಿದ್ದಲ್ಲಿ, ತಮಗೆ ತೊಂದರೆಯಾಗದಿದ್ದಲ್ಲಿ, ನಾನು ಪ್ರಯತ್ನಿಸಿ ನೋಡಬಹುದು.' ಅದರಲ್ಲೂ ಬೇಕು ಎಂಬ ಪದವಿಲ್ಲ. ನಾನು ಹಲ್ಲು ಕಚ್ಚಿಕೊಂಡು ಹಾಗೇ ಕಳಿಸಿದೆ.

ಮಾರನೇ ದಿನ ಉತ್ತರ ಬಂತು. ಕೆಲಸವನ್ನು ಹಿಂದಿನ ತಿಂಗಳೇ ಬೇರೆಯವರಿಗೆ ಒಪ್ಪಿಸಿಯಾಗಿತ್ತು. 'ನಮ್ಮ ಮೊದಲ ಆಯ್ಕೆ ನೀವೇ ಆಗಿದ್ದಿರಿ' ಎಂದು ಬೇರೆ ಬರೆದಿದ್ದರು. ಅದನ್ನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು.

ಕನ್ನಡದ 'ಫಾರ್ ಲ್ಯಾಂಟರ್ನ್' ಈ ವರ್ಷ ಬಂತು. ಕೆಟ್ಟದಾಗಿರಲಿ ಎಂದು ನಾನು ಬೇಡಿಕೊಂಡೆ. ಕೆಟ್ಟದಾಗಿದ್ದರೆ ಇಬ್ಬರೂ ಕೂತು ಮನಸಾರೆ ಬೈಯಬಹುದಿತ್ತು. ಅವತ್ತು ಬೆಳಗ್ಗಿನಿಂದಲೇ ಸರ್ವರ್ ಇರಲಿಲ್ಲ. ಅಕ್ಕ ಒಂದೂವರೆ ಗಂಟೆ ಓದಿದಳು.

"ಹೆಂಗುಂಟು?" ಎಂದೆ.

"ಚೆನ್ನಾಗಿ ಮಾಡಿದಾರೆ. ಯಾರೋ ಓದಿಕೊಂಡವ್ರು."

"ಒಂದಾದ್ರೂ ತಪ್ಪು ಇಲ್ವಾ?"

"ಇಲ್ಲ. ನಂಗೆ ಹೊಳೀದೇ ಇರೋದೂ ಸುಮಾರು ಕಡೆ ಹೊಳೆದದೆ ಅವ್ರಿಗೆ."

ಅಭಿಪ್ರಾಯ ಬರೆಯುವ ಜಾಗಕ್ಕೆ ಹೋಗಿ 'ಕನ್ನಡ ಬಹಳ ಚೆನ್ನಾಗಿದೆ. ಎಲ್ಲರೂ ಆಡಿ' ಎಂದು ಟೈಪು ಮಾಡಿ ಹಾಕಿದಳು. ಮಣಿಕಟ್ಟನ್ನು ಎಡಗೈಯಲ್ಲಿ ತಿಕ್ಕಿಕೊಂಡಳು. ಬೆಂಚಿನ ಮೇಲಿದ್ದ ಕೆರೆಕಟ್ಟೆಯ ತಿಮ್ಮಪ್ಪ "ಸರ್ವರ್ ಬಂತಾ ಅಮ್ಮ?" ಎಂದು ಕೇಳಿದ. ಅವಳು ನನ್ನ ಕಡೆ ತಿರುಗಿದಳು.

"ಅದು ನಂಗೆ ಬೇಕಿತ್ತು ಅರ್ಪಣಾ," ಎಂದಳು. "ತುಂಬಾ ಬೇಕಿತ್ತು."

ಹದಿನಾಲ್ಕು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅದನ್ನು ಕೇಳಿಸಿಕೊಂಡವರು ತಿಮ್ಮಪ್ಪ ಮತ್ತು ನಾನು, ಇಬ್ಬರೇ.